ನೀರು ಕೇಳದ ಮನೆತನ

ನಮ್ಮ ಕಡೆ ಸಂಬಂಧ ನೋಡಲು ಹೋದವರು ಮೊದಲು ಮನೆತನ ವಿಚಾರಿಸುತ್ತಾರೆ. ಏರೋಪ್ಲೇನ್ ಚಿಟ್ಟೆಗಳಲ್ಲಿ ಹೀಗೆ ವಿಚಾರಿಸಹೊರಟರೆ ಸುಮಾರು ಮೂರರಲ್ಲೊಂದು ಪಾಲು ‘ಲಿಬೆಲ್ಯುಲಿಡೆ’ ಕುಟುಂಬದ್ದೇ. ಪ್ರಭೇದಗಳು 1000ಕ್ಕೂ ಹೆಚ್ಚು. ಹಿಂದಿನ ರೆಕ್ಕೆಯ ನರಗಳ ನಡುವೆ ಬೂಟಿನ ಆಕಾರದ ಕುಣಿಕೆಯೊಂದಿರುತ್ತದೆ, ಅದೇ ಇವರ ಗೋತ್ರದ ಗುರುತು. ರೆಕ್ಕೆಯಲ್ಲೇ ಗೋತ್ರ ಹೊತ್ತು ಹುಟ್ಟಿದವರಿಗೆ ಜಾತಕದ ಖರ್ಚಿಲ್ಲ!

ಮುಖ ನೋಡಿದರೆ ಮಾತ್ರ ನಂಟಸ್ತಿಕೆ ತಿಳಿಯುವುದಿಲ್ಲ. ಕ್ರೊಕೊಥೆಮಿಸ್ ಗಂಡು ಕಡುಕೆಂಪು, ಹೆಣ್ಣು ಮಾಸಲು ಹಳದಿ. ರೈಯೋಥೆಮಿಸ್ ವೇರಿಗೇಟಾ ಹಳದಿ-ಕಪ್ಪು ರೆಕ್ಕೆ ತೊಟ್ಟು ಪಾತರಗಿತ್ತಿಯೆಂದೇ ನಂಬಿಸುತ್ತದೆ. ನ್ಯಾನೊಫಯಾ ಪಿಗ್ಮಿಯಾ ಎರಡು ಸೆಂಟಿಮೀಟರು ದಾಟಿದರೆ ಹೆಚ್ಚು. ಥೊಲಿಮಿಸ್‌ಗೆ ಹಗಲೆಂದರೆ ಸೋಮಾರಿತನ, ಹೊತ್ತು ಮುಳುಗಿದ ಮೇಲೆ ಸಂಚಾರ.

ಇವರು ಇಷ್ಟು ಕಡೆ ಹಬ್ಬಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ನೀರಿನ ವಿಷಯದಲ್ಲಿ ಅನೇಕರಿಗೆ ಮಡಿಯಿಲ್ಲ. ಕೀಟಗಳಲ್ಲೂ ಝರಿಯ ನೀರೇ ಬೇಕೆನ್ನುವ ಕುಲೀನರಿದ್ದಾರೆ. ಬ್ರಾಕಿಥೆಮಿಸ್ ಕಂಟ್ಯಾಮಿನೇಟಾಗೆ ಚರಂಡಿಯಾದರೂ ಆದೀತು. ನಾವು ಮೂಗು ಮುಚ್ಚಿ ದಾಟುವ ರಾಜಕಾಲುವೆಯಂಚಿನ ಹುಲ್ಲಿನಲ್ಲಿ ಅದು ಕಿತ್ತಳೆ ರೆಕ್ಕೆ ಹರಡಿ ಯಜಮಾನಿಕೆ ನಡೆಸುತ್ತದೆ. ಬ್ರಾಡಿನೊಪೈಗಾ ಜೆಮಿನಾಟಾ ಸಿಮೆಂಟ್ ತೊಟ್ಟಿಯಲ್ಲೇ ಮರಿ ಬೆಳೆಸಿ, ಕಾಂಪೌಂಡ್ ಗೋಡೆಯ ಬೂದು ಬಣ್ಣದಲ್ಲಿ ಬೆರೆತುಹೋಗುತ್ತದೆ. ಎದುರಿಗಿದ್ದರೂ ಕಾಣದ ಬಾಡಿಗೆದಾರ.

ಇವರೆಲ್ಲರನ್ನೂ ಮೀರಿಸಿದ್ದು ಪಂಟಾಲಾ ಫ್ಲಾವೆಸೆನ್ಸ್. ಮಳೆ ನಿಂತ ಹೊಂಡ ಒಂದೂವರೆ ತಿಂಗಳು ಬತ್ತದಿದ್ದರೆ ಸಾಕು, ಮೊಟ್ಟೆಯಿಂದ ರೆಕ್ಕೆಯವರೆಗಿನ ಸಂಸಾರ ಅಲ್ಲೇ ಮುಗಿಯುತ್ತದೆ. ಹೊಂಡ ಬತ್ತುವ ಹೊತ್ತಿಗೆ ಗಾಳಿ ಹಿಡಿದು ಮುಂದಿನ ಮಳೆಯತ್ತ ಪಯಣ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಸಿಹಿನೀರೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬಂದಿಳಿಯುವುದನ್ನು ವರ್ಷಗಟ್ಟಲೆ ಲೆಕ್ಕವಿಟ್ಟರು. ಭಾರತದಿಂದ ಹೊರಟು ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿರಬೇಕು ಎಂದು 2009ರಲ್ಲಿ ಬರೆದರು. ಹೋದವು ಮರಳುವುದಿಲ್ಲ, ಅವುಗಳ ಸಂತತಿ ಮರಳುತ್ತದೆ. ವೀಸಾ ಕಚೇರಿಯ ಮುಂದೆ ಸಾಲು ನಿಂತವರು ಇದನ್ನು ಓದದಿರುವುದೇ ಲೇಸು.

ಸಾಗರ ದಾಟುವ ಈ ಜಾಣೆಗೂ ಹೊಳೆಯುವ ಕಾರು ಕಂಡರೆ ಮಂಕು ಕವಿಯುತ್ತದೆ. ಬಣ್ಣ ಬಳಿದ ತಗಡಿನ ಮೇಲಿಂದ ಚಿಮ್ಮುವ ಬೆಳಕು ನೀರಿನ ಮೇಲಿನದರಂತೆಯೇ ಧ್ರುವೀಕರಣಗೊಂಡಿರುತ್ತದೆ. ಅದನ್ನು ನೀರೆಂದೇ ನಂಬಿದ ಚಿಟ್ಟೆ ಬಾಲ ಅದ್ದಿ ಅದ್ದಿ ಮೊಟ್ಟೆಯಿಡತೊಡಗುತ್ತದೆ. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲೇ ಬಾನೆಟ್ಟಿನ ಮೇಲೆ ಹೆರಿಗೆ ಆಗಿಹೋಗಿರುತ್ತದೆ.