ಇವನಿದ್ದರೆ ಸಿನಿಮಾ ಪೂರ್ತಿ ಕೆಡುವುದಿಲ್ಲ

ಷಿಕಾಗೋದ ಚಿತ್ರವಿಮರ್ಶಕ ರೋಜರ್ ಈಬರ್ಟ್ ಒಂದು ಸೂತ್ರ ಕಟ್ಟಿದ್ದ. ಪೋಷಕ ಪಾತ್ರದಲ್ಲಿ ಹ್ಯಾರಿ ಡೀನ್ ಸ್ಟ್ಯಾಂಟನ್ ಆಗಲಿ, ಎಂ. ಎಮೆಟ್ ವಾಲ್ಶ್ ಆಗಲಿ ಇದ್ದರೆ ಆ ಸಿನಿಮಾ ಪೂರ್ತಿ ಕೆಟ್ಟದ್ದಾಗಿರಲು ಸಾಧ್ಯವೇ ಇಲ್ಲ, ಅಂತ. ಪುಲಿಟ್ಜರ್ ಪಡೆದ ಮನುಷ್ಯ ಹೇಳಿದ ಮೇಲೆ ನಮ್ಮಂಥವರು ನಂಬದೆ ಇರುವುದುಂಟೆ? ರಾತ್ರಿ ಊಟ ಮುಗಿದು, ಯಾವ ಸಿನಿಮಾ ಹಾಕುವುದೆಂದು ಮನೆಮಂದಿಯೆಲ್ಲ ರಿಮೋಟಿಗೆ ಕಿತ್ತಾಡುವ ಹೊತ್ತಿಗೆ ಈ ಸೂತ್ರ ಪಂಚಾಂಗದಷ್ಟೇ ಉಪಯೋಗಕ್ಕೆ ಬರುತ್ತದೆ. ನಾಯಕನ ಹೆಸರು ನೋಡಿ ಕೂತು ಮೋಸಹೋದವರು ಬೇಕಾದಷ್ಟು ಜನ. ತಾರಾಗಣದ ಪಟ್ಟಿಯ ಬುಡದಲ್ಲಿ ಸ್ಟ್ಯಾಂಟನ್ ಹೆಸರು ಹುಡುಕುವವನಿಗೆ ಆ ಭಯ ಕಡಿಮೆ.

ಹೆಸರು ಕೇಳಿದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಮುಖ ಕಂಡರೆ ‘ಓ, ಇವನಾ!’ ಅಂದೇ ಅನ್ನುತ್ತೀರಿ. ಬಡಕಲು ಮೈ, ಒಳಗೆ ಹೋದ ಕೆನ್ನೆ, ನಿದ್ದೆಗೆಟ್ಟ ಕಣ್ಣು. ಅರವತ್ತು ವರ್ಷ ಆ ಮುಖವೇ ಅವನ ಸಂಪಾದನೆ.

ಹುಟ್ಟಿದ್ದು 1926ರಲ್ಲಿ, ಕೆಂಟಕಿಯ ವೆಸ್ಟ್ ಅರ್ವಿನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ತಂಬಾಕು ಬೆಳೆಯುತ್ತಿದ್ದ, ಕ್ಷೌರವನ್ನೂ ಮಾಡುತ್ತಿದ್ದ. ಮಗ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದ, ಒಕಿನಾವಾ ಕದನದ ಹೊತ್ತಿಗೆ ಅಲ್ಲಿದ್ದ. ಆದರೆ ಬಂದೂಕಿನ ಹಿಂದೆ ನಿಂತ ವೀರನಾಗಿ ಅಲ್ಲ, ಹಡಗಿನ ಅಡುಗೆಯವನಾಗಿ. ಎಲ್ಲರೂ ಗುಂಡು ಹಾರಿಸುತ್ತಾ ಕೂತರೆ ಹೊಟ್ಟೆಗೆ ಹಾಕುವವರು ಯಾರು? ಅಲ್ಲೂ ಇವನದು ಪೋಷಕ ಪಾತ್ರವೇ.

ವಾಪಸು ಬಂದು ಲೆಕ್ಸಿಂಗ್ಟನ್ನಿನ ವಿಶ್ವವಿದ್ಯಾಲಯ ಸೇರಿದ್ದು ಪತ್ರಿಕೋದ್ಯಮ ಓದಲು. ಅಲ್ಲಿ ಬರ್ನಾರ್ಡ್ ಷಾನ ಒಂದು ನಾಟಕದಲ್ಲಿ ಬಣ್ಣ ಹಚ್ಚಿದ್ದೇ ನೆಪ, ಓದು ಬಿಟ್ಟು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಾಟಕಶಾಲೆಗೆ ನಡೆದ. 1956ರಲ್ಲಿ ಹಿಚ್‌ಕಾಕ್‌ನ ಚಿತ್ರವೊಂದರಲ್ಲಿ ಮುಖ ತೋರಿಸಿದ, ಪಟ್ಟಿಯಲ್ಲಿ ಹೆಸರಿಲ್ಲ. ಆಮೇಲೆ ವರ್ಷಗಟ್ಟಲೆ ಟೀವಿಯ ಕೌಬಾಯ್ ಕಥೆಗಳು: ಕುದುರೆ ಕಳ್ಳ, ಕಿಡಿಗೇಡಿ, ಗುಂಡು ತಿಂದು ಬೀಳುವವ. ಹ್ಯಾರಿ ಸ್ಟ್ಯಾಂಟನ್ ಎಂಬ ಬೇರೊಬ್ಬ ನಟ ಇದ್ದದ್ದರಿಂದ ಬಹಳ ಕಾಲ ತನ್ನ ಹೆಸರಿನ ಮುಂದಲ ತುಂಡನ್ನೇ ಬಿಟ್ಟು ಬರೀ ಡೀನ್ ಸ್ಟ್ಯಾಂಟನ್ ಅಂತ ಹಾಕಿಸಿಕೊಂಡ. ಕಾಣಿಸಿಕೊಳ್ಳುವುದೇ ಮೂರು ನಿಮಿಷ, ಅದರಲ್ಲೂ ಅರ್ಧ ಹೆಸರು!

ಅವನ ದೆಸೆ ತಿರುಗಿದ್ದು ಒಂದು ಬುದ್ಧಿಮಾತಿನಿಂದ. ಹೇಳಿದವನು ಗೆಳೆಯ ಜ್ಯಾಕ್ ನಿಕಲ್ಸನ್. ಅವನ ಮದುವೆಯಲ್ಲಿ ವರನ ಪಕ್ಕ ನಿಂತವನೂ ಸ್ಟ್ಯಾಂಟನ್, ಆ ಮದುವೆ ಮುರಿದ ಮೇಲೆ ಅವನ ಜೊತೆ ಒಂದೇ ಮನೆಯಲ್ಲಿದ್ದವನೂ ಸ್ಟ್ಯಾಂಟನ್. ನಿಕಲ್ಸನ್ ತಾನೇ ಬರೆದ ಚಿತ್ರವೊಂದರಲ್ಲಿ ಗೆಳೆಯನಿಗೆ ಒಂಟಿಕಣ್ಣಿನ ದರೋಡೆಕೋರನ ಪಾತ್ರ ಕೊಟ್ಟ. ಕೊಟ್ಟು, ನೀನು ಏನೂ ಮಾಡಬೇಡ, ಸುಮ್ಮನೆ ನೀನಾಗಿರು, ಅಭಿನಯವನ್ನು ವೇಷಕ್ಕೆ ಬಿಡು ಎಂದ. ಎಷ್ಟು ಜನ ನಟರಿಗೆ ಈ ಮಾತು ಅವಮಾನ ಅನ್ನಿಸಬಹುದಿತ್ತು! ಸ್ಟ್ಯಾಂಟನ್ ಅದನ್ನೇ ದೀಕ್ಷೆ ಎಂದು ತಿಳಿದ. ಬದುಕಿದ್ದಷ್ಟು ದಿನ ಏನೂ ಮಾಡದೆ ದುಡಿದ.

ಏನೂ ಮಾಡದಿರುವುದು ಹೇಗಿರುತ್ತದೆಂದು ನೋಡಬೇಕಾದರೆ 1979ರ ‘ಏಲಿಯನ್’ ನೋಡಿ. ಅಂತರಿಕ್ಷ ನೌಕೆಯಲ್ಲಿ ಇವನು ಇಂಜಿನ್ ರಿಪೇರಿಯವ, ಬ್ರೆಟ್. ಹೂವಿನ ಚಿತ್ತಾರದ ಅಂಗಿ, ಮಾಸಲು ಟೋಪಿ. ಜೊತೆಗಾರ ಸಂಬಳ ಸಾಲದೆಂದು ಗೊಣಗಿದ್ದಕ್ಕೆಲ್ಲ ಇವನದು ಒಂದೇ ಉತ್ತರ, ‘ರೈಟ್’. ಆಮೇಲೆ ನೌಕೆಯ ಬೆಕ್ಕು ತಪ್ಪಿಸಿಕೊಳ್ಳುತ್ತದೆ, ಹುಡುಕಲು ಇವನೊಬ್ಬನೇ ಹೋಗುತ್ತಾನೆ. ಎತ್ತರದ ಚಾವಣಿಯಿಂದ ಸರಪಳಿಗಳು ಇಳಿಬಿದ್ದು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿವೆ. ಮೇಲಿಂದ ನೀರು ತೊಟ್ಟಿಕ್ಕುತ್ತಿದೆ. ಇವನು ಟೋಪಿ ತೆಗೆದು, ಮುಖ ಮೇಲೆತ್ತಿ, ಆ ನೀರಿಗೆ ಒಡ್ಡಿ ನಿಂತುಬಿಡುತ್ತಾನೆ. ದಿನವೆಲ್ಲ ಇಂಜಿನ್ ಪಕ್ಕ ಬೆಂದ ಕೂಲಿಯವನೊಬ್ಬ ಹಾಗೇ ಅಲ್ಲವೆ ನಿಲ್ಲುವುದು? ಮುಂದೇನಾಯಿತೆಂದು ಹೇಳಿ ಊಟ ಕೆಡಿಸಲಾರೆ. ಆ ಚಿತ್ರದ ರಾಕ್ಷಸನನ್ನು ಮೆಚ್ಚಿದವರು ಕೋಟಿ ಜನ ಇದ್ದಾರೆ. ನಾನು ಆ ನೀರಿನ ಪಕ್ಷ.

ಇಂಥ ಸಣ್ಣ ಪಾತ್ರಗಳಿಂದ ಸ್ಟ್ಯಾಂಟನ್‌ಗೂ ಒಮ್ಮೆ ಬೇಸರವಾಗಿತ್ತಂತೆ. ಸಾಂತಾ ಫೆ ಊರಿನಲ್ಲಿ ಒಂದು ಸಂಜೆ ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಕುಡಿಯುತ್ತಾ ಕೂತಾಗ, ಇಂಥ ಪಾತ್ರ ಮಾಡಿ ಮಾಡಿ ಸಾಕಾಯಿತು, ಒಂದಿಷ್ಟು ಸೌಂದರ್ಯ ಇರುವಂಥದ್ದು ಬೇಕು ಅಂದುಬಿಟ್ಟ. ಶೆಪರ್ಡ್ ಬರೆದು ವಿಮ್ ವೆಂಡರ್ಸ್ ನಿರ್ದೇಶಿಸಿದ ‘ಪ್ಯಾರಿಸ್, ಟೆಕ್ಸಸ್’ ಅವನ ಪಾಲಿಗೆ ಬಂದದ್ದು ಹಾಗೆ. 1984ರಲ್ಲಿ ಅದು ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ನಾಯಕನ ಪಾತ್ರ ಸಿಗುವಷ್ಟರಲ್ಲಿ ಮನುಷ್ಯನಿಗೆ ಸುಮಾರು ಐವತ್ತೇಳು. ಸಿಕ್ಕಿದ ಮೇಲಾದರೂ ಮಾತಾಡಿದನೆ? ಕೆಂಪು ಟೋಪಿ ಹಾಕಿ ಮರಳುಗಾಡಿನಲ್ಲಿ ನಡೆಯುತ್ತಾ ಬರುವ ಆಸಾಮಿ, ಚಿತ್ರ ಕಾಲು ಗಂಟೆ ದಾಟಿದರೂ ತುಟಿ ಬಿಚ್ಚುವುದಿಲ್ಲ.

ಮತ್ತೆ ಸಣ್ಣ ಪಾತ್ರಗಳೇ. 1999ರ ‘ದ ಸ್ಟ್ರೇಟ್ ಸ್ಟೋರಿ’ಯಲ್ಲಿ ಒಬ್ಬ ಮುದುಕ ತನ್ನ ಜೊತೆ ಮುನಿಸಿಕೊಂಡ ಒಡಹುಟ್ಟಿದವನೊಡನೆ ರಾಜಿಯಾಗಲೆಂದು, ಹುಲ್ಲು ಕತ್ತರಿಸುವ ಯಂತ್ರ ಏರಿ ಅಯೋವಾದಿಂದ ವಿಸ್ಕಾನ್ಸಿನ್‌ವರೆಗೆ ಸುಮಾರು 240 ಮೈಲಿ ಬರುತ್ತಾನೆ. ನಡೆದ ಕಥೆ ಅದು. ಆ ಒಡಹುಟ್ಟಿದವನೇ ಸ್ಟ್ಯಾಂಟನ್. ನಾನು ಇವನ ಗುಣಗಾನ ಮಾಡಿ ಮನೆಯವಳನ್ನು ಕೂರಿಸಿದ್ದೆ. ಎರಡು ಗಂಟೆ ಹತ್ತಿರವಾಗುವಾಗ ವಾಕರ್ ಹಿಡಿದು ಬಾಗಿಲಿಗೆ ಬಂದ. ಅಂಗಳದಲ್ಲಿ ನಿಂತ ಆ ಯಂತ್ರವನ್ನು ನೋಡಿದ, ಅಣ್ಣತಮ್ಮಂದಿರು ಕೂತರು, ಎರಡು ಮಾತು, ಇವನ ಕಣ್ಣು ತುಂಬಿತು, ಮುಗಿಯಿತು. “ಇಷ್ಟಕ್ಕೇನಾ ನಿಮ್ಮ ಹೀರೋ ಬಂದದ್ದು?” ಎಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ.

ಸೂತ್ರದ ಇನ್ನೊಬ್ಬ ಪಾಲುದಾರ ವಾಲ್ಶ್‌ನನ್ನು ಮರೆತರೆ ಪಾಪ ಬರುತ್ತದೆ. ಬೊಜ್ಜು ಮೈ, ಬೆವರು ಮುಖ, ಎಡಗಿವಿ ಚಿಕ್ಕಂದಿನಲ್ಲೇ ಕಿವುಡು. 2019ರಲ್ಲಿ ತೆರೆಕಂಡ ‘ನೈವ್ಸ್ ಔಟ್’ನ ಚಿತ್ರೀಕರಣಕ್ಕೆ ಬಂದಾಗ ಅವನ ಕೈಯಲ್ಲಿ ಎರಡೇ ಸಾಮಾನು. ಒಂದು, ತಾನು ನಟಿಸಿದ ಚಿತ್ರಗಳನ್ನು ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಅಚ್ಚು ಹಾಕಿಸಿದ ಹಾಳೆ. ಇನ್ನೊಂದು, ಎರಡು ಡಾಲರ್ ನೋಟುಗಳ ಕಟ್ಟು. ಲೈಟು ಹಿಡಿಯುವವರವರೆಗೆ ಎಲ್ಲರಿಗೂ ಒಂದೊಂದು ಹಂಚಿ, ಖರ್ಚು ಮಾಡದೆ ಇಟ್ಟುಕೊಂಡರೆ ಯಾವತ್ತೂ ಬರಿಗೈ ಆಗುವುದಿಲ್ಲ ಎಂದನಂತೆ.

ಈಬರ್ಟ್ ಕೊನೆಗೆ ತನ್ನ ಸೂತ್ರಕ್ಕೆ ಅಪವಾದ ಉಂಟೆಂದು ಒಪ್ಪಿಕೊಂಡ. ಇಬ್ಬರ ಹೆಸರಿನಲ್ಲೂ ಒಂದೊಂದು ಡಬ್ಬಾ ಚಿತ್ರ ಸಿಕ್ಕಿತ್ತು. ನನ್ನ ಕೇಳಿದರೆ ಅಲ್ಲಿಯೂ ತಪ್ಪು ಚಿತ್ರದ್ದೇ, ಇವರದಲ್ಲ.

ಸ್ಟ್ಯಾಂಟನ್‌ಗೆ ಆಸ್ಕರ್ ಹೋಗಲಿ, ಅದಕ್ಕೆ ನಾಮನಿರ್ದೇಶನವೂ ಆಗಲಿಲ್ಲ. ಮದುವೆಯೂ ಆಗಲಿಲ್ಲ. 2017ರ ಸೆಪ್ಟೆಂಬರ್ 15ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಎರಡು ವಾರಕ್ಕೆ ಅಮೆರಿಕದಲ್ಲಿ ತೆರೆಕಂಡ ‘ಲಕ್ಕಿ’ಯಲ್ಲಿ ಅವನೇ ನಾಯಕ: ಒಳಉಡುಪಿನಲ್ಲೇ ಯೋಗ ಮಾಡಿ, ಸಿಗರೇಟು ಸೇದಿ, ಒಂದು ಲೋಟ ಹಾಲು ಕುಡಿದು ಮರಳುಗಾಡಿನ ಊರಿನಲ್ಲಿ ಅಡ್ಡಾಡುವ ತೊಂಬತ್ತರ ಮುದುಕ. ನಿರ್ದೇಶಕ ಜಾನ್ ಕ್ಯಾರಲ್ ಲಿಂಚ್ ಕೂಡ ಸಣ್ಣ ಪಾತ್ರಗಳಲ್ಲೇ ಹೆಸರು ಮಾಡಿದವನು. 88 ನಿಮಿಷದ ಚಿತ್ರ, ಇವತ್ತು ರಾತ್ರಿಯೇ ನೋಡಿ. ಅದರಲ್ಲಿ ವಾಲ್ಶ್ ಇಲ್ಲ. ಒಬ್ಬನೇ ಸಾಕು.