ಲಿಫ್ಟಿನ ಕಂಡಕ್ಟರು

ಲಿಫ್ಟಿನ ಗುಂಡಿಗಳ ಪಕ್ಕ ನಿಲ್ಲುವುದೇ ತನ್ನ ಹುದ್ದೆಯೆಂದು ನಂಬಿದವರೊಬ್ಬರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಸಂಬಳ ಮಾತ್ರ ಬೇರೆ ಕೆಲಸಕ್ಕೆ. ಬೆಂಗಳೂರಿನ ನಮ್ಮ ಕಚೇರಿಗೆ ಅಂಥವರನ್ನು ಒದಗಿಸಿದ್ದು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು. ಬೆನ್ನ ಹಿಂದೆ ಎಲ್ಲರಿಗೂ ಅವರು ‘ಕಂಡಕ್ಟರು’. ಹಾವೇರಿ ಕಡೆಯವನಾದ ನನಗೆ ಎದುರಿಗೆ ‘ಕಾಕಾ’. ಒಂದೇ ಜಿಲ್ಲೆಯವನಾದ ತಪ್ಪಿಗೆ ಬೇರೆಯವರಿಗಿಂತ ಹೆಚ್ಚು ಅನುಭವಿಸಿದವನೂ ನಾನೇ.

ಬಾಗಿಲು ಮುಚ್ಚಿಕೊಳ್ಳುವ ಹೊತ್ತಿಗೆ ಕಾಕಾ ಕಾಲು ಅಡ್ಡ ಇಡುವರು. “ಬರ್ರಿ, ಬರ್ರಿ, ಹಿಂದ ಜಾಗ ಐತಿ!” ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಜೀವ, ಲಿಫ್ಟಿನಲ್ಲಿ ಸೀಟಿಲ್ಲವೆಂಬುದೊಂದೇ ಅವರಿಗೆ ಕೊರಗು. ಎಷ್ಟನೇ ಅಂತಸ್ತು, ಯಾರನ್ನು ಕಾಣಲು, ಏನು ಕೆಲಸ ಎಂಬ ವಿಚಾರಣೆ ಮುಗಿಯದೆ ಗುಂಡಿ ಒತ್ತುತ್ತಿರಲಿಲ್ಲ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ರೇಟು ಏನಂತ ಎಂದು ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗನನ್ನೂ ಕೇಳಿದ್ದುಂಟು.

ಇನ್ನು ಬಾಣದ ಸಿದ್ಧಾಂತ. ಎರಡನೇ ಅಂತಸ್ತಿನಿಂದ ಆರಕ್ಕೆ ಹೋಗಬೇಕೆಂದರೆ ಕಾಕಾ ಕೆಳಬಾಣ ಒತ್ತುವರು. “ಲಿಫ್ಟು ಮ್ಯಾಲೆ ಐತಲ್ಲೋ ತಮ್ಮಾ, ಕೆಳಗ ಕರೀಬೇಕಲ್ಲ?” ಅದು ಬರುವ ದಿಕ್ಕನ್ನಲ್ಲ ಕಾಕಾ, ನಾವು ಹೋಗುವ ದಿಕ್ಕನ್ನು ತಿಳಿಸಬೇಕು ಎಂದೆ. “ನಾವು ಎಲ್ಲಿಗೆ ಹೋದ್ರ ಅದಕ್ಕೇನು? ಊರ ಉಸಾಬರಿ ಯಾಕ ಬೇಕು ಅದಕ್ಕ?” ಈ ಮಾತು ಆಡಿದವರು ಯಾರು ನೋಡಿ! ಹೀಗಾಗಿ ನಾವು ಮೊದಲು ನೆಲ ಮುಟ್ಟಿ, ಅಲ್ಲಿ ಇನ್ನಷ್ಟು ಜನರನ್ನು ಹೇರಿಕೊಂಡು, ಆಮೇಲೆ ಆರಕ್ಕೆ ಏರುತ್ತಿದ್ದೆವು.

ಆದರೆ ಕಾಕಾ ಮಾತ್ರ ಮಾಡಬಲ್ಲ ಕೆಲಸವೊಂದಿತ್ತು. ನಮ್ಮ ಲಿಫ್ಟಿನಲ್ಲಿ ‘8 ಮಂದಿ, 544 ಕೆ.ಜಿ.’ ಎಂದು ಬರೆದಿದೆ. ತಲೆಗೆ 68ರ ಲೆಕ್ಕ. ಭಾರ ಹೆಚ್ಚಾದರೆ ಲಿಫ್ಟು ಕಿರುಚುತ್ತದೆ, ಬಾಗಿಲು ಮುಚ್ಚುವುದಿಲ್ಲ. ಕೊನೆಗೆ ಹತ್ತಿದವರು ಇಳಿಯಬೇಕೆಂಬುದು ಜಗತ್ತಿನ ನಿಯಮ, ಸಂಬಳ ಕಡಿಮೆಯಿದ್ದವರು ಇಳಿಯಬೇಕೆಂಬುದು ಕಚೇರಿಯ ನಿಯಮ. ಒಂದು ದಿನ ಕೊನೆಗೆ ಹತ್ತಿದವರು ಸ್ವತಃ ದೊಡ್ಡ ಸಾಹೇಬರು. ಲಿಫ್ಟು ಕಿರುಚಿತು. ಎಲ್ಲರಿಗೂ ಏಕಕಾಲಕ್ಕೆ ಮೊಬೈಲಿನಲ್ಲಿ ಏನೋ ತುರ್ತು ಬಂತು. ಎಂಬತ್ತು ಕಿಲೋ ದಾಟಿದ ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತೆ, ಹಾಗೆ ಮಾಡಿದರೆ ತೂಕ ಇಳಿಯುತ್ತದೇನೋ ಎಂಬಂತೆ. ಫೈಲಿನ ಕಟ್ಟು ಹೊತ್ತಿದ್ದ ಬಡಕಲು ಸಿಪಾಯಿ ಅಭ್ಯಾಸಬಲದಿಂದ ಹೊರಗೆ ಕಾಲಿಟ್ಟ. ಕಾಕಾ ಅವನ ರಟ್ಟೆ ಹಿಡಿದರು. “ನೀ ನಿಂದರಲೇ. ನೀ ಇಳದ್ರ ಅರ್ಧ ಆಳು ಇಳದಂಗ. ಸಾಹೇಬ್ರ, ತಾವೊಬ್ರ ಒಂದೂವರಿ ಆಗ್ತೀರಿ ನೋಡ್ರಿ.”

ಸಾಹೇಬರು ಇಳಿದರು. ಕಿರುಚಾಟ ನಿಂತಿತು. ಆರನೇ ಅಂತಸ್ತಿನವರೆಗೂ ಯಾರೂ ಉಸಿರಾಡಲಿಲ್ಲ, ಕಾಕಾ ಒಬ್ಬರೇ ಸಿಪಾಯಿಗೆ, “ಮಗಳ ಎಸ್ಸೆಸ್ಸೆಲ್ಸಿ ರಿಜಲ್ಟು ಬಂತೇನೋ?” ಎಂದು ಕೇಳುತ್ತಿದ್ದರು. ಆ ಸಿಪಾಯಿಗೆ ಮಗಳಿದ್ದಾಳೆಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಅವನೂ ನಾನೂ ಒಂದೇ ಲಿಫ್ಟಿನಲ್ಲಿ ವರ್ಷಗಟ್ಟಲೆ ಹತ್ತಿಳಿದವರು.

ಕಾಕಾ ಈಗ ನಿವೃತ್ತರಾಗಿ ಊರು ಸೇರಿದ್ದಾರೆ. ಲಿಫ್ಟು ಬೇಗ ಮೇಲೆ ಮುಟ್ಟುತ್ತದೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಭಾರ ಹೆಚ್ಚಾದರೆ ಸಿಪಾಯಿ ಇಳಿಯುತ್ತಾನೆ. ಕಾಕಾನ ಬಾಣದ ಶಿಷ್ಯರು ಮಾತ್ರ ಪ್ರತಿ ಅಂತಸ್ತಿನಲ್ಲೂ ಉಳಿದಿದ್ದಾರೆ. ಅವರಲ್ಲಿ ವಿನಂತಿ: ಮೇಲೆ ಹೋಗುವವರು ಮೇಲಿನ ಬಾಣ ಒತ್ತಿ, ಒಂದೇ ಸಲ ಒತ್ತಿ. ಹತ್ತು ಸಲ ಒತ್ತಿದರೂ ಲಿಫ್ಟಿನ ಲೆಕ್ಕದಲ್ಲಿ ಅದು ಒಂದೇ.