ಸ್ವಿಂಡನ್ನಿನ ಕಾರಿಗೆ ನ್ಯೂ ಟೌನ್ ಇನ್‌ಸ್ಪೆಕ್ಷನ್

ಹೊರದೇಶದಲ್ಲಿರುವ ಮಗ ಲಕ್ಷಗಟ್ಟಲೆ ಪೌಂಡು ಸಾಲ ಮಾಡಿ ಮನೆ ಕೊಂಡರೆ ಭದ್ರಾವತಿ ನ್ಯೂ ಟೌನ್‌ನ ಅಪ್ಪಂದಿರು "ನಿನಗೆ ಗೊತ್ತಿರುತ್ತಲ್ಲಪ್ಪ, ನೋಡ್ಕೊಂಡು ಮಾಡು" ಎಂದು ಸುಮ್ಮನಾಗುತ್ತಾರೆ. ಕೆಲಸ ಬದಲಿಸಿದರೂ ಹೆಚ್ಚು ಕೆದಕುವುದಿಲ್ಲ. ಅದೇ ಮಗ ಮೂರು ಸಾವಿರ ಪೌಂಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಕೊಳ್ಳುತ್ತೇನೆ ಎಂದರೆ ಮಾತ್ರ ಮನೆಯಲ್ಲಿ ತುರ್ತು ಸಭೆ ಸೇರುತ್ತದೆ. ಮನೆ ಸಾಲ ಬ್ಯಾಂಕಿನ ವಿಷಯ, ಕೆಲಸ ಕಂಪ್ಯೂಟರಿನ ವಿಷಯ. ಕಾರು ಹಾಗಲ್ಲ, ಅದು ಕಬ್ಬಿಣ. ಕಬ್ಬಿಣದ ವಿಷಯದಲ್ಲಿ ನ್ಯೂ ಟೌನ್‌ಗೆ ಬುದ್ಧಿ ಹೇಳಲು ಯಾರಿಗೂ ಅಧಿಕಾರವಿಲ್ಲ.

ಈ ಜಂಬಕ್ಕೆ ಆಧಾರವೂ ಇದೆ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಾರ್ಖಾನೆಯಲ್ಲಿ ಕಬ್ಬಿಣ ಮೊದಲು ಕರಗಿ ಹರಿದದ್ದು 1923ರ ಜನವರಿಯಲ್ಲಿ, ಅದೂ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನ ಕುಲುಮೆಯಲ್ಲಿ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಷ್ಟದಿಂದ ಎತ್ತಿ ನಿಲ್ಲಿಸಿದರು. ಮುಂದೆ ಅವರದೇ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ನೊಳಗೆ ಲೀನವಾಯಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವ ಹೊತ್ತಿಗೆ, ಮುಚ್ಚುವ ತೀರ್ಮಾನ ಹೊರಬಿದ್ದು ಊರು ಬೀದಿಗಿಳಿಯಿತು. ಆ ಕಾರ್ಖಾನೆಯವರ ಕ್ವಾರ್ಟರ್ಸುಗಳ ಬಡಾವಣೆಯೇ ನ್ಯೂ ಟೌನ್. ಇಲ್ಲಿನ ಕಥಾನಾಯಕರು ಅಲ್ಲೇ ದುಡಿದು ನಿವೃತ್ತರಾದವರು. ಹೆಸರು ಬೇಡ, ಫೋರ್‌ಮನ್ನರು ಎಂದರೆ ಸಾಕು. ಇಂಥವರು ಅಲ್ಲಿ ಬೀದಿಗೊಬ್ಬರು ಸಿಗುತ್ತಾರೆ.

ಮಗ, ಸೊಸೆ ಇರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ವಿಚಿತ್ರವೆಂದರೆ ಅದೂ ಒಂದು ಭದ್ರಾವತಿಯೇ. ಅಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆ 1843ರಲ್ಲಿ ಶುರುವಾಗಿ 1986ರಲ್ಲಿ ಮುಚ್ಚಿತು. ಕಾರ್ಮಿಕರಿಗೆಂದು ಕಂಪನಿ ಕಟ್ಟಿಸಿದ ಕಲ್ಲಿನ ಮನೆಗಳ ಸಾಲು ಇವತ್ತಿಗೂ ರೈಲ್ವೆ ವಿಲೇಜ್ ಎಂಬ ಹೆಸರಿನಲ್ಲಿ ನಿಂತಿದೆ. ರೈಲು ಹೋದ ಮೇಲೆ ಊರಿಗೆ ಅನ್ನ ಹಾಕಿದ್ದು ಹೊಂಡಾ ಕಾರಿನ ಕಾರ್ಖಾನೆ. ಅದೂ 2021ರ ಜುಲೈನಲ್ಲಿ ಬಾಗಿಲು ಹಾಕಿತು. ಮುಚ್ಚುವ ಮೊದಲು, 2009ರಿಂದ 2014ರವರೆಗೆ, ಅಲ್ಲಿ ಹೊಂಡಾ ಜಾಝ್ ಎಂಬ ಪುಟ್ಟ ಕಾರು ತಯಾರಾಗುತ್ತಿತ್ತು. ಮಗ ನೋಡಿಟ್ಟಿದ್ದೂ ಅದನ್ನೇ, 2013ರದ್ದು. "ಫ್ಯಾಕ್ಟ್ರಿ ಮುಚ್ಚಿದ ಊರಿನ ಮಾಲು. ಕಡೇ ಕಾಲದಲ್ಲಿ ಕೆಲಸದವರು ಮನಸ್ಸಿಟ್ಟು ಮಾಡಿರ್ತಾರೋ ಇಲ್ವೋ" ಎಂದು ಫೋರ್‌ಮನ್ನರು ಒಂದು ಕ್ಷಣ ಯೋಚಿಸಿದರು. ಆಮೇಲೆ ಕಾರ್ಖಾನೆಯಲ್ಲಿ ತಮ್ಮ ಕಡೇ ವರ್ಷಗಳು ನೆನಪಾಗಿ, "ಮಾಡಿರ್ತಾರೆ ಬಿಡು" ಎಂದು ಅವರೇ ತೀರ್ಪಿತ್ತರು.

ಯುಗಾದಿ ಊಟಕ್ಕೆ ಸೇರಿದ ಅಲ್ಲಿನ ಕನ್ನಡ ಬಳಗದಲ್ಲಿ ಮಗನಿಗೆ ಸಿಕ್ಕ ಸಲಹೆಗಳನ್ನು ಬರೆದರೆ ಅದೇ ಒಂದು ಪುಸ್ತಕ. ಡೀಸೆಲ್ ತಗೋ ಎಂದವರ ಕಾರು ಗ್ಯಾರೇಜಿನಲ್ಲಿತ್ತು. ಜರ್ಮನ್ ಕಾರೇ ತಗೋ ಎಂದವರು ಬಸ್ಸಿನಲ್ಲಿ ಬಂದಿದ್ದರು. ಇರಲಿ. ಉಪಯೋಗಕ್ಕೆ ಬಂದ ಮಾತು ಹೇಳಿದ್ದು ಸೊಸೆ: ನಂಬರ್ ಪ್ಲೇಟ್ ಒಂದು ಗೊತ್ತಿದ್ದರೆ ಕಾರಿನ ಜಾತಕ ಪುಕ್ಕಟೆ ಸಿಗುತ್ತದೆ.

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಓಟಿ ಎಂಬ ಪರೀಕ್ಷೆ ಕಡ್ಡಾಯ. ಬ್ರೇಕು, ಟೈರು, ದೀಪ, ಹೊಗೆ, ತುಕ್ಕು ಎಲ್ಲ ನೋಡಿ ಪಾಸು ಅಥವಾ ಫೇಲು ಮಾಡುತ್ತಾರೆ. ಆ ದಿನ ಮೀಟರು ಎಷ್ಟು ತೋರಿಸುತ್ತಿತ್ತು, ಯಾಕೆ ಫೇಲಾಯಿತು, ಪಾಸಾದರೂ ಮುಂದೆ ಯಾವುದರ ಮೇಲೆ ಕಣ್ಣಿಡಬೇಕು ಎಂಬುದೆಲ್ಲ 2005ರಿಂದ ಈಚೆಗೆ ಸರ್ಕಾರದ ಕಂಪ್ಯೂಟರಿನಲ್ಲಿ ದಾಖಲಾಗಿದೆ. ಅದನ್ನು ಯಾರು ಬೇಕಾದರೂ ನೋಡಬಹುದು. ಕಾರು ನಿಮ್ಮದೇ ಆಗಿರಬೇಕೆಂದೇನೂ ಇಲ್ಲ.

ಈ ಕೊನೆಯ ಸೌಲಭ್ಯ ಫೋರ್‌ಮನ್ನರ ನಿವೃತ್ತ ಜೀವನವನ್ನೇ ಬದಲಿಸಿಬಿಟ್ಟಿತು. ಮಗ ಕಳಿಸಿದ ಹಳೆಯ ಫೋಟೋಗಳನ್ನೆಲ್ಲ ತೆಗೆದು, ಮೊಮ್ಮಗಳ ಹಿಂದೆ, ಸೊಸೆಯ ಹಿಂದೆ, ಹಿಮದ ಗೊಂಬೆಯ ಹಿಂದೆ ನಿಂತ ಕಾರುಗಳ ನಂಬರನ್ನು ದೊಡ್ಡದು ಮಾಡಿ ಓದತೊಡಗಿದರು. ರಾತ್ರಿ ಫೋನು: "ನಿಮ್ಮ ಎದುರು ಮನೆಯವನ ಕಾರು ಹೋದ ವರ್ಷ ಫೇಲಾಗಿತ್ತು ಕಣೋ, ಬ್ರೇಕ್ ಪೈಪಿಗೆ ತುಕ್ಕಂತೆ. ಅವನ ಗಾಡಿ ಮುಂದೆ ಮಗೂನ ಆಡಕ್ಕೆ ಬಿಡಬೇಡಿ." ಎದುರು ಮನೆಯವನ ಹೆಸರು ಮಗನಿಗೇ ಇನ್ನೂ ಗೊತ್ತಿರಲಿಲ್ಲ.

ಹುಚ್ಚಾಟ ಎನ್ನಬಹುದು, ಆದರೆ ಎಂಓಟಿಯ ಜಾತಕವನ್ನು ಓದುವ ಕ್ರಮ ಮಾತ್ರ ಫೋರ್‌ಮನ್ನರಿಂದಲೇ ಕಲಿಯಬೇಕು. ಪಾಸು, ಫೇಲುಗಳನ್ನು ಅವರು ಕಡೆಗೆ ನೋಡುತ್ತಾರೆ. ಮೊದಲು ಮೀಟರಿನ ಅಂಕಿ: ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಬೇಕು, ಎಲ್ಲಾದರೂ ಇಳಿದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಆಮೇಲೆ ಸಲಹೆಯ ಕಾಲಂ. ಮಗ ಮೊದಲು ಇಷ್ಟಪಟ್ಟ ಕೆಂಪು ಕಾರಿನಲ್ಲಿ 'ಮುಂದಿನ ಟೈರು ಸವೆದಿದೆ, ಗಮನಿಸಿ' ಎಂದು ಮೂರು ವರ್ಷ ಸತತವಾಗಿ ಬರೆದಿತ್ತು. ನಾಲ್ಕನೇ ವರ್ಷ ಅದೇ ಟೈರಿಗೆ ಫೇಲಾಗಿತ್ತು. "ಕಾರು ಸರಿಯಿದೆ, ಯಜಮಾನ ಸರಿಯಿಲ್ಲ. ಟೈರೇ ಹಾಕಿಸದೋನು ಆಯಿಲ್ ಬದಲಾಯಿಸಿರ್ತಾನೇನೋ? ಬಿಡು" ಎಂದರು. ಹಳೇ ಕಾರಿನ ವಿಶ್ವಾಸಾರ್ಹತೆಯ ಬಗ್ಗೆ ಇದಕ್ಕಿಂತ ಗಟ್ಟಿಯಾದ ಮಾತನ್ನು ಮೋಟಾರು ಪತ್ರಿಕೆಗಳೂ ಬರೆದಿರಲಾರವು.

ಎರಡನೆಯ ಕಾರು, ಬೂದು ಬಣ್ಣದ್ದು, ಪರೀಕ್ಷೆಯಲ್ಲಿ ಮೇಲೆ ಬಂತು. ಆದರೆ 2019ರ ಜೂನ್ ಆದ ಮೇಲೆ ಮುಂದಿನ ಎಂಓಟಿ 2020ರ ಡಿಸೆಂಬರಿನಲ್ಲಿತ್ತು. "ಒಂದೂವರೆ ವರ್ಷ ಎಲ್ಲಿ ಬಚ್ಚಿಟ್ಟಿದ್ರು?" ಎಂದು ಫೋರ್‌ಮನ್ನರು ಎದ್ದು ಕೂತರು. ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್ ಕೊನೆಯಿಂದ ಜುಲೈ ಕೊನೆಯವರೆಗೆ ಅವಧಿ ಮುಗಿಯುವ ಕಾರುಗಳಿಗೆಲ್ಲ ಸರ್ಕಾರವೇ ಆರು ತಿಂಗಳು ವಿನಾಯಿತಿ ಕೊಟ್ಟಿತ್ತು ಮಾವ ಎಂದು ಸೊಸೆ ವಿವರಿಸಿದ ಮೇಲೆ ಕಾರು ನಿರ್ದೋಷಿ ಎನಿಸಿತು. ಓಡಿದ್ದು ನಲವತ್ತೆಂಟು ಸಾವಿರ. ಕಡಿಮೆ ಓಡಿದೆ ಎಂದು ಹಿಗ್ಗುತ್ತಿದ್ದ ಅಮ್ಮನಿಗೆ ಅದು ಮೈಲಿ, ಕಿಲೋಮೀಟರಿನಲ್ಲಿ ಎಪ್ಪತ್ತೇಳು ಸಾವಿರ ಎಂದು ತಿಳಿದು ಮುಖ ಸ್ವಲ್ಪ ಸಣ್ಣಗಾಯಿತು.

ಮಾರುವವನು ಹೇಳಿದ್ದು ಒಂದೇ ಮಾತು: ಇದು ಒಬ್ಬ ಅಜ್ಜಿ ಓಡಿಸಿದ ಕಾರು, ಅಂಗಡಿಗೆ ಮತ್ತು ಚರ್ಚಿಗೆ ಮಾತ್ರ. ನಮ್ಮ ಶಿವಮೊಗ್ಗದಲ್ಲಿ ಇದೇ ಮಾತು "ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್" ಎಂದು ಕೇಳಿಬರುತ್ತದೆ. ಜಿಲ್ಲೆಯಲ್ಲಿ ಮಾರಾಟಕ್ಕಿರುವ ಡಾಕ್ಟರ ಕಾರುಗಳನ್ನು ಎಣಿಸಿದರೆ ರೋಗಿಗಳಿಗಿಂತ ಡಾಕ್ಟರೇ ಜಾಸ್ತಿ ಆದಾರು. ಮಾರುವವನಿಗೆ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಒಂದು ಅಸಮತೋಲನ ಇಡೀ ಮಾರುಕಟ್ಟೆಯನ್ನೇ ಕೆಡಿಸಬಲ್ಲದು ಎಂದು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಪ್ರಬಂಧ ಬರೆದರು. 'ನಿಂಬೆಹಣ್ಣುಗಳ ಮಾರುಕಟ್ಟೆ' ಎಂದು ಅದಕ್ಕೆ ಹೆಸರು. ಆಯುಧಪೂಜೆಯ ಅಧ್ಯಯನ ಎಂದುಕೊಳ್ಳಬೇಡಿ, ಅಮೆರಿಕದಲ್ಲಿ ಕೆಟ್ಟ ಕಾರನ್ನು ಹಾಗೆ ಕರೆಯುತ್ತಾರೆ. ಮೂರು ಪತ್ರಿಕೆಗಳು ಆ ಪ್ರಬಂಧವನ್ನು ವಾಪಸ್ಸು ಕಳಿಸಿದ್ದವು. 2001ರಲ್ಲಿ ಅದಕ್ಕೇ ನೊಬೆಲ್ ಬಂತು.

ಅಜ್ಜಿಯ ಕಾರು ಒಳ್ಳೆಯದು ಎಂಬ ನಂಬಿಕೆಯೂ ಅರ್ಧ ಸತ್ಯ. ದಿನಾ ಒಂದೆರಡು ಮೈಲಿ ಓಡಿ ನಿಲ್ಲುವ ಗಾಡಿಯ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಆಯಿಲಿನ ಜೊತೆ ಬೆರೆತು, ಆಯಿಲ್ ಮುಚ್ಚಳದ ಒಳಬದಿಗೆ ಕಡೆದ ಬೆಣ್ಣೆಯಂತೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಹೆಡ್ ಗ್ಯಾಸ್ಕೆಟ್ ಹೋದ ಎಂಜಿನ್ನಿನಲ್ಲೂ ಕಾಣುವುದು ಇದೇ ಬಿಳುಪು. ಮೊದಲನೆಯದು ನಾಲ್ಕು ದಿನ ದೂರ ಓಡಿಸಿದರೆ ಹೋಗುವಂಥದ್ದು, ಎರಡನೆಯದು ಜೇಬು ಖಾಲಿ ಮಾಡುವಂಥದ್ದು. ಯಾವುದೆಂದು ತಿಳಿಯಲು ಡಿಪ್‌ಸ್ಟಿಕ್ ಎಳೆದು ಆಯಿಲೂ ಬೆಳ್ಳಗಾಗಿದೆಯೇ, ರೇಡಿಯೇಟರಿನ ನೀರು ಇಳಿದಿದೆಯೇ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯೇ ನೋಡಬೇಕು. ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ. ಇದನ್ನೆಲ್ಲ ನೋಡಲು ಎಂಜಿನ್ ತಣ್ಣಗಿರಬೇಕು. ಆದ್ದರಿಂದ ಫೋರ್‌ಮನ್ನರ ಆಜ್ಞೆ: "ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ರೆ, ಸ್ಟಾರ್ಟಿಂಗ್ ಟ್ರಬಲ್ ಮುಚ್ಚಿಡೋಕೆ ಮೊದಲೇ ಓಡಿಸಿ ನಿಲ್ಲಿಸಿದ್ದಾನೆ ಅಂತ ಲೆಕ್ಕ."

ಹೋಗುವುದು ಯಾವಾಗ? ಶನಿವಾರ ಬೆಳಿಗ್ಗೆ ಹತ್ತು ಎಂದು ಮಗ ಹೇಳಿಬಿಟ್ಟಿದ್ದ. ಅಮ್ಮ ಪಂಚಾಂಗ ತೆಗೆದರು. ಸ್ವಿಂಡನ್ನಿನ ಹತ್ತು ಗಂಟೆಗೆ ಶನಿವಾರದ ರಾಹುಕಾಲ. ಹೋಗಲಿ, ನಮ್ಮ ಲೆಕ್ಕ ಹಿಡಿಯೋಣವೆಂದರೆ ಆಗ ನ್ಯೂ ಟೌನ್‌ನಲ್ಲಿ ಮಧ್ಯಾಹ್ನ ಎರಡೂವರೆ, ಅದು ಯಮಗಂಡ. ಎರಡೂ ದೇಶಕ್ಕೆ ಒಪ್ಪುವ ಹನ್ನೊಂದು ಗಂಟೆಗೆ ಮಾರುವವನನ್ನು ಒಪ್ಪಿಸಲು ಸೊಸೆಗೆ ಟ್ರಾಫಿಕ್ಕಿನ ನೆಪ ಹೇಳಬೇಕಾಯಿತು.

ಮುಂದಿನದೆಲ್ಲ ವಿಡಿಯೋ ಕಾಲ್‌ನಲ್ಲಿ. ಬಾನೆಟ್ ತಣ್ಣಗಿತ್ತು. ಮುಚ್ಚಳದಲ್ಲಿ ತುಸು ಬಿಳುಪು, ಆಯಿಲ್ ಶುದ್ಧ, ನೀರು ಸರಿ: ಅಜ್ಜಿ ಪಾಸು. ಸ್ಟಾರ್ಟ್ ಮಾಡಿದಾಗ ಟ್ರ್ಯಾಕ್ಟರಿನ ಸದ್ದು ಬರಲಿಲ್ಲ, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದ ಕಡೆಯೇ ಇದೆ. ಅದರೊಳಗಿನ ಪಲಾಡಿಯಂ, ರೋಡಿಯಂಗಳ ಆಸೆಗೆ ಬ್ರಿಟನ್ನಿನ ಕಳ್ಳರು ಹೆಚ್ಚಾಗಿ ಕೊಯ್ದುಕೊಂಡು ಹೋಗುವ ಕಾರುಗಳಲ್ಲಿ ಜಾಝ್ ಒಂದು. ಚಾಸಿ ನಂಬರಿನ ಹದಿನೇಳು ಅಕ್ಷರಗಳನ್ನು ಮಗ ಓದಿ ಹೇಳಿದ; ಎಸ್‌ಎಚ್‌ಎಚ್ ಎಂದು ಶುರುವಾಗಿತ್ತು. ಅದು ಸ್ವಿಂಡನ್ ಕಾರ್ಖಾನೆಯ ಗುರುತು. ಟೈರಿಗೆ ಅಲ್ಲಿಯವರ ಉಪಾಯ ಇಪ್ಪತ್ತು ಪೆನ್ಸಿನ ನಾಣ್ಯ. ಟೈರಿನ ಗೆರೆಯೊಳಗೆ ನಾಣ್ಯ ಇಟ್ಟಾಗ ಅದರ ಅಂಚಿನ ಪಟ್ಟಿ ಕಂಡರೆ ಟೈರು 1.6 ಮಿಲಿಮೀಟರಿನ ಕಾನೂನು ಮಿತಿಗೆ ಹತ್ತಿರವಾಗಿದೆ ಎಂದರ್ಥ. ಮುಂದಿನ ಎರಡೂ ಟೈರಿನಲ್ಲಿ ಪಟ್ಟಿ ಚೆನ್ನಾಗಿ ಕಂಡಿತು.

ಆಮೇಲೆ ಮ್ಯಾಗ್ನೆಟ್ ಪರೀಕ್ಷೆ. ಎಲ್ಲಾದರೂ ಗುದ್ದಿಸಿಕೊಂಡು ಪುಟ್ಟಿ ಹಾಕಿ ಪೇಂಟ್ ಹೊಡೆಸಿದ್ದರೆ ಆ ಜಾಗದಲ್ಲಿ ಮ್ಯಾಗ್ನೆಟ್ ನಿಲ್ಲುವುದಿಲ್ಲ. ಸೊಸೆ ಫ್ರಿಜ್ಜಿನ ಮೇಲಿದ್ದ ಜೋಗ ಜಲಪಾತದ ಮ್ಯಾಗ್ನೆಟ್ ತಂದಿದ್ದಳು. ಪೇಂಟಿಗೆ ಗೀರು ಬೀಳದಂತೆ ಕರ್ಚೀಫು ಇಟ್ಟು ಬಾಗಿಲು, ಫೆಂಡರು, ಟಾಪು ಎಲ್ಲ ಕಡೆ ಜೋಗವನ್ನು ಅಂಟಿಸುತ್ತ ಬಂದರು. ಹಿಂಬದಿಗೆ ಬಂದಾಗ ಜೋಗ ಟಣ್ಣನೆ ಕೆಳಕ್ಕೆ ಬಿತ್ತು.

"ಬಿತ್ತು, ಬಿತ್ತು! ಪುಟ್ಟಿ! ನಾ ಹೇಳ್ಲಿಲ್ವಾ!"

"ಅಪ್ಪಾ, ಅದು ಬಂಪರು. ಪ್ಲಾಸ್ಟಿಕ್ಕು."

ಅಲ್ಲಿಯತನಕ ಗಡಿಯಾರ ನೋಡುತ್ತಿದ್ದ ಮಾರುವವನು ಈಗ ಮೊದಲ ಬಾರಿಗೆ ಆಸಕ್ತಿಯಿಂದ ಹತ್ತಿರ ಬಂದು, ಇದು ಯಾವುದಾದರೂ ಧಾರ್ಮಿಕ ವಿಧಿಯೇ ಎಂದು ವಿನಯದಿಂದ ವಿಚಾರಿಸಿದ. ಸೊಸೆ ಹೌದೆಂದಳು. ವಿವರಿಸುವುದಕ್ಕಿಂತ ಅದೇ ಸುಲಭ.

ಓಡಿಸಿ ನೋಡಲು ಅಲ್ಲಿ ಇನ್ಶೂರೆನ್ಸ್ ಬೇಕು; ಮಗ ಒಂದು ದಿನದ ಪಾಲಿಸಿ ಮಾಡಿಸಿದ್ದ. ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಚಕ್ರದ ಕಡೆಯಿಂದ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ ಎಂಬುದು ಹಳೇ ಲೆಕ್ಕ. ಅದಕ್ಕೆ ತಿರುವು ಬೇಕು. ಸ್ವಿಂಡನ್ನಿನಲ್ಲಿ ತಿರುವಿಗೆ ಬರವಿಲ್ಲ. 1972ರಲ್ಲಿ ಕಟ್ಟಿದ ಮ್ಯಾಜಿಕ್ ರೌಂಡಬೌಟ್ ಎಂಬ ಸರ್ಕಲ್ ಅಲ್ಲಿದೆ: ಒಂದು ದೊಡ್ಡ ವೃತ್ತದ ಸುತ್ತ ಐದು ಸಣ್ಣ ವೃತ್ತ, ಒಳಗಡೆ ಗಾಡಿಗಳು ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತವೆ. ಸೊಸೆಯ ಕೈಯಲ್ಲಿದ್ದ ಫೋನಿನಲ್ಲಿ ಫೋರ್‌ಮನ್ನರು ಟಕಟಕಕ್ಕಾಗಿ ಕಿವಿ ನಿಮಿರಿಸಿ ಕೂತಿದ್ದರು. ಕೇಳಿಸಿದ್ದು ಮಗನ "ರಾಮ ರಾಮ" ಮಾತ್ರ. ಮೂರನೇ ಸುತ್ತಿಗೆ ಹೊರದಾರಿ ಸಿಕ್ಕಿತು. ಆಕ್ಸಲ್ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಕಾಗದಪತ್ರದ ಹೊತ್ತಿಗೆ ಮಾತ್ರ ಫೋರ್‌ಮನ್ನರು ಮತ್ತೆ ತಗಾದೆ ತೆಗೆದರು. ಅಲ್ಲಿನ ಆರ್‌ಸಿ ಪುಸ್ತಕಕ್ಕೆ ವಿ5ಸಿ ಎಂದು ಹೆಸರು. ಇದು ಮಾಲೀಕತ್ವದ ಪುರಾವೆ ಅಲ್ಲ ಎಂದು ಅದರ ಮೇಲೇ ಅಚ್ಚಾಗಿದೆ. "ಓನರ್ ಯಾರು ಅಂತ ಹೇಳದೇ ಇರೋ ಆರ್‌ಸಿ ಎಂಥದ್ದೋ ಮಾರಾಯ!" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಕಾರಿನ ಮೇಲೆ ಸಾಲ ಬಾಕಿ ಇದ್ದರೆ ಫೈನಾನ್ಸ್ ಕಂಪನಿ ಬಂದು ಕೊಂಡವನಿಂದಲೇ ಎಳೆದೊಯ್ಯಬಹುದು. ಅಪಘಾತದಲ್ಲಿ ಜಜ್ಜಿಹೋಗಿ ಇನ್ಶೂರೆನ್ಸಿನವರು ಕೈಬಿಟ್ಟ ಕಾರು ರಿಪೇರಿಯಾಗಿ ಮತ್ತೆ ರಸ್ತೆಗೆ ಬಂದಿರಬಹುದು. 2017ರ ಅಕ್ಟೋಬರಿನಿಂದ ಅಂಥವಕ್ಕೆ ಎಸ್, ಎನ್ ಎಂಬ ವರ್ಗಗಳಿವೆ. ಎಂಓಟಿ ಜಾತಕದಲ್ಲಿ ಈ ಎರಡೂ ಕಾಣುವುದಿಲ್ಲ. ಸ್ವಲ್ಪ ದುಡ್ಡು ಕೊಟ್ಟು ಬೇರೆ ತಪಾಸಣೆ ಮಾಡಿಸಬೇಕು. ಸೊಸೆ ಹಿಂದಿನ ರಾತ್ರಿಯೇ ಮಾಡಿಸಿ ಮುಗಿಸಿದ್ದಳು. ಟೈರಿನ ಹೆಸರಿನಲ್ಲಿ ನೂರೈವತ್ತು ಪೌಂಡು ಇಳಿಸಿದ್ದೂ ಅವಳೇ. ನ್ಯೂ ಟೌನ್‌ನಲ್ಲಿ ಮಾತ್ರ ಆ ಇಳಿಕೆ ಇಂದಿಗೂ ಫೋರ್‌ಮನ್ನರ ಖಾತೆಯಲ್ಲಿದೆ.

ಈ ಖ್ಯಾತಿ ಬೀದಿಗೆ ಹರಡಿ, ಶಿವಮೊಗ್ಗದಲ್ಲಿ ಹಳೇ ಕಾರು ನೋಡಿಟ್ಟ ನೆರೆಯವರೊಬ್ಬರು ಅವರನ್ನೇ ಹುಡುಕಿಕೊಂಡು ಬಂದರು. ಫೋರ್‌ಮನ್ನರು ಉತ್ಸಾಹದಿಂದ ಸರ್ಕಾರದ ಎಂಪರಿವಾಹನ್ ಆ್ಯಪ್ ತೆರೆದರು. ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲ ಸಿಕ್ಕಿತು, ಆದರೆ ವರ್ಷವರ್ಷದ ಕಿಲೋಮೀಟರು ಇಲ್ಲ. ಇರುವುದಾದರೂ ಹೇಗೆ? ನಮ್ಮಲ್ಲಿ ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬುವವರೆಗೆ ಅಂಥ ಪರೀಕ್ಷೆಯೇ ಇಲ್ಲ. ಹಾಗಾಗಿ ಇಲ್ಲಿ ಕೊಳ್ಳುವವರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ಕೇಳಿ, ನಂಬಿಕೆಯ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ತೋರಿಸಿ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿತೆಂಬ ಫಾರಂ 35 ಆಗಿದೆಯೇ ನೋಡಿಕೊಳ್ಳಬೇಕು. ಮಾರುವವರಿಗೂ ಒಂದು ಮಾತು: ದುಡ್ಡು ಎಣಿಸಿಕೊಂಡು ಕೀ ಕೊಟ್ಟು ಮನೆಗೆ ಹೋಗಬೇಡಿ. ಫಾರಂ 29, 30 ಆರ್‌ಟಿಓಗೆ ತಲುಪಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ.